ಒಂದು ಗೋಡೆ, ಒಂದು ಕಟ್ಟೆ: ಐರ್ಲೆಂಡಿನ ಹ್ಯಾಂಡ್‌ಬಾಲ್ ಅಂಗಳವನ್ನು ನಮ್ಮ ಸೊಸೈಟಿಗೆ ತರುವುದು ಹೇಗೆ

ಪುಣೆ, ಮುಂಬೈ, ಗೋವಾ ಕಡೆ ಇರುವ ನಮ್ಮ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನಿರುವುದು ಪಿಂಪ್ರಿ ಚಿಂಚ್ವಾಡ್ ಕಡೆ. ಇಲ್ಲಿ ನಾವು ಗಣಪತಿಗೆ ಸೇರುತ್ತೇವೆ, ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಸೇರುತ್ತೇವೆ, ಉಳಿದ ದಿನ ಲಿಫ್ಟಿನಲ್ಲಿ ಸಿಕ್ಕಾಗ ಒಂದು ನಗು ಅಷ್ಟೇ. ದಿನಾ ಸಂಜೆ ಸುಮ್ನೆ ಬಂದು ನಿಲ್ಲುವುದಕ್ಕೆ, ನಾಲ್ಕು ಮಾತಾಡುವುದಕ್ಕೆ ಒಂದು ಜಾಗ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಕ್ಲಬ್‌ಹೌಸ್ ಬೇಕಿಲ್ಲ. ಕಿಟಕಿ ಇಲ್ಲದ ಒಂದು ಗೋಡೆ, ಅದರ ಮುಂದೆ ಗಟ್ಟಿ ನೆಲ, ಪಕ್ಕದಲ್ಲಿ ಕೂರುವುದಕ್ಕೆ ಒಂದು ಕಟ್ಟೆ ಇದ್ದರೆ ಆಯಿತು.

ಆ ಗೋಡೆಗೆ ಕೈಯಿಂದ ಚೆಂಡು ಹೊಡೆಯುವ ಆಟವೇ ಹ್ಯಾಂಡ್‌ಬಾಲ್. ಶಾಲೆಗಳಲ್ಲಿ ಏಳೇಳು ಜನ ಆಡುವ, ಎರಡು ಕಡೆ ಗೋಲ್ ಇರುವ ಹ್ಯಾಂಡ್‌ಬಾಲ್ ಬೇರೆ, ಇದು ಬೇರೆ. ಇಲ್ಲಿ ಗೋಲಿಲ್ಲ, ನೆಟ್ ಇಲ್ಲ, ಬ್ಯಾಟಿಲ್ಲ. ಅಂಗೈ, ಚೆಂಡು, ಗೋಡೆ. ಐರ್ಲೆಂಡಿನ ಹಳ್ಳಿಗಳು ಹತ್ತಾರು ವರ್ಷ ಇಂಥ ಗೋಡೆಗಳ ಮುಂದೆ ಸೇರಿದ್ದವು. ಅವರು ಏನು ಮಾಡಿದ್ದರು, ಅದರಲ್ಲಿ ನಮಗೆ ಏನು ಸಾಧ್ಯ, ಹೇಗೆ ಮಾಡಬೇಕು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಅಲ್ಲಿಯ ಆಲಿ ಹೇಗಿತ್ತು

ಅಲ್ಲಿ ಈ ಆಟದ ಕಟ್ಟಡಕ್ಕೆ ಆಲಿ ಅನ್ನುತ್ತಾರೆ. ಹಳೆಯ ದೊಡ್ಡ ಆಲಿಯ ನೆಲ 60 ಅಡಿ ಉದ್ದ, 30 ಅಡಿ ಅಗಲ. ಎದುರಿನ ಗೋಡೆ ಸುಮಾರು 30 ಅಡಿ ಎತ್ತರ, ಅಂದರೆ ನಮ್ಮ ಮೂರು ಮಹಡಿಯಷ್ಟು. ಪಕ್ಕದ ಎರಡು ಗೋಡೆಗಳು ಮುಂದೆ ಎತ್ತರವಾಗಿ ಶುರುವಾಗಿ, ಹಿಂದೆ ಬರುತ್ತಾ ಮೆಟ್ಟಿಲು ಮೆಟ್ಟಿಲಾಗಿಯೋ ಇಳಿಜಾರಾಗಿಯೋ ತಗ್ಗುತ್ತವೆ. ಹಿಂಬದಿ ಎಷ್ಟೋ ಕಡೆ ತೆರೆದೇ ಇರುತ್ತದೆ. ಮೇಲೆ ಚಾವಣಿ ಇಲ್ಲ, ಒಳಗೆ ಹೋಗುವುದಕ್ಕೆ ಬಾಗಿಲೂ ಇಲ್ಲ. ಹಸಿರು ಹೊಲಗಳ ನಡುವೆ ಬೂದು ಬಣ್ಣದ ಈ ದೊಡ್ಡ ಕಾಂಕ್ರೀಟ್ ಗೋಡೆ ದೂರದಿಂದಲೇ ಕಾಣುತ್ತದೆ.

ಆಲಿ ಬರುವ ಮೊದಲೂ ಆಟ ಇತ್ತು. ಪಾಳುಬಿದ್ದ ಕೋಟೆಯ ಗೋಡೆ, ಹಳೆಯ ಚರ್ಚಿನ ಗೋಡೆ, ಎಲ್ಲಿ ಎತ್ತರದ ಚಪ್ಪಟೆ ಗೋಡೆ ಸಿಕ್ಕಿತೋ ಅಲ್ಲಿ ಆಡುತ್ತಿದ್ದರು. ಆಮೇಲೆ ಆಟಕ್ಕಂತಲೇ ಗೋಡೆ ಎಬ್ಬಿಸಿದರು. 1884ರಲ್ಲಿ ಥರ್ಲ್ಸ್ ಅನ್ನುವ ಊರಿನಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಶುರುವಾಯಿತು. ಅದು ತನ್ನದು ಅಂತ ಹೇಳಿಕೊಂಡ ಆಟಗಳಲ್ಲಿ ಹ್ಯಾಂಡ್‌ಬಾಲ್ ಕೂಡ ಒಂದು. 1924ರಲ್ಲಿ ಈ ಆಟಕ್ಕಂತಲೇ ಬೇರೆ ಕೌನ್ಸಿಲ್ ಬಂತು. ಮುಂದಿನ ಕೆಲವು ದಶಕ ಹಳ್ಳಿ ಹಳ್ಳಿಯಲ್ಲೂ ಕಾಂಕ್ರೀಟ್ ಆಲಿಗಳು ಎದ್ದವು. ಎಷ್ಟೋ ಕಡೆ ಊರವರೇ ಪಟ್ಟಿ ಎತ್ತಿದರು, ಊರವರೇ ಕೂಲಿ ಇಲ್ಲದೆ ಕೆಲಸ ಮಾಡಿದರು. ನಮ್ಮಲ್ಲಿ ಮುಯ್ಯಾಳು ಅಂತ ಒಬ್ಬರ ಹೊಲಕ್ಕೆ ಎಲ್ಲರೂ ಹೋಗುತ್ತಿದ್ದರಲ್ಲ, ಅಲ್ಲಿಯ ಹಳ್ಳಿಗಳಲ್ಲೂ ಆ ಪದ್ಧತಿ ಇತ್ತು.

ಆಲಿಗಳನ್ನು ಎಲ್ಲಿ ಕಟ್ಟಿದರು ನೋಡಿ. ನಾಲ್ಕು ದಾರಿ ಸೇರುವಲ್ಲಿ, ಶಾಲೆಯ ಪಕ್ಕ, ಚರ್ಚಿನ ಹತ್ತಿರ, ಪೊಲೀಸ್ ಬ್ಯಾರಕ್ಕಿನ ಹಿಂದೆ, ಪಬ್ಬಿನ ಅಂಗಳದಲ್ಲಿ. ಜನ ಹೇಗೂ ಓಡಾಡುವ ಜಾಗಗಳು ಇವೆಲ್ಲ. ಭಾನುವಾರ ಚರ್ಚಿನಿಂದ ಹೊರಗೆ ಬಂದವರು ಮನೆಗೆ ಹೋಗುವ ಮೊದಲು ಅಲ್ಲಿ ನಿಲ್ಲುತ್ತಿದ್ದರು. ಆಡುವವರು ಇಬ್ಬರೋ ನಾಲ್ವರೋ. ನೋಡುವವರು, ಬೆಟ್ ಕಟ್ಟುವವರು, ತಮ್ಮ ಸರದಿ ಕಾಯುವವರು, ಮಳೆ ಗಾಳಿಗೆ ಗೋಡೆಯ ಮರೆಗೆ ಬಂದವರು, ಹುಡುಗಿಯನ್ನು ನೋಡುವುದಕ್ಕೆ ಬಂದ ಹುಡುಗರು, ಇವರೇ ಜಾಸ್ತಿ. ಕೆಲವು ಕಡೆ ಅದೇ ಕಾಂಕ್ರೀಟ್ ನೆಲದ ಮೇಲೆ ಸಂಜೆ ಕುಣಿತವೂ ನಡೆಯುತ್ತಿತ್ತು. ನಮ್ಮ ಹಳ್ಳಿಗೆ ಅರಳಿಕಟ್ಟೆ ಹೇಗೋ ಅವರಿಗೆ ಆಲಿ ಹಾಗೆ.

ಈಗ ಅವು ಬಹಳಷ್ಟು ಖಾಲಿ ಬಿದ್ದಿವೆ. 1970ರ ಸುಮಾರಿಗೆ 40 ಅಡಿ ಉದ್ದ, 20 ಅಡಿ ಅಗಲದ ನಾಲ್ಕು ಗೋಡೆಯ ಒಳಾಂಗಣ ಕೋರ್ಟು ಬಂತು. ಆಟಕ್ಕೆ ಅದರಿಂದ ಒಳ್ಳೆಯದೇ ಆಯಿತು. ಮಳೆಯಲ್ಲೂ ಆಡಬಹುದು, ಅಮೆರಿಕದವರ ಜೊತೆ ಒಂದೇ ಅಳತೆಯಲ್ಲಿ ಪಂದ್ಯ ಆಡಬಹುದು. ಕ್ಯಾವನ್ ಜಿಲ್ಲೆಯ ಪಾಲ್ ಬ್ರೇಡಿಯಂಥ ವಿಶ್ವ ಚಾಂಪಿಯನ್ ಬೆಳೆದದ್ದು ಇದೇ ಸಣ್ಣ ಕೋರ್ಟಿನ ಆಟದಲ್ಲಿ. ಆದರೆ ಆಟ ಬಾಗಿಲ ಒಳಗೆ ಹೋಯಿತು, ದಾರಿಯಲ್ಲಿ ಹೋಗುವವರು ಹೊರಗೆ ಉಳಿದರು. ಹಳೆಯ ಆಲಿಗಳಲ್ಲಿ ಹುಲ್ಲು ಬೆಳೆಯಿತು. ಈಗ ಕೆಲವು ಆಲಿಗಳು ಅಲ್ಲಿನ ರಾಷ್ಟ್ರೀಯ ಕಟ್ಟಡ ಪರಂಪರೆಯ ಪಟ್ಟಿಯಲ್ಲಿ ಸೇರಿವೆ, ಕೆಲವನ್ನು ಊರವರು ಮತ್ತೆ ಸರಿಮಾಡಿಕೊಂಡಿದ್ದಾರೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಮುಂದೆ ನೀವು ಮಾಡುವ ಪ್ರತಿ ಆಯ್ಕೆಯಲ್ಲೂ ಇದು ಬೇಕಾಗುತ್ತದೆ. ಗೋಡೆ ಆಡುವವರಿಗೆ ಬೇಕು. ಜಾಗ ಕಾಯುವವರಿಗೆ, ನೋಡುವವರಿಗೆ ಬೇಕು. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಕಾಯುವವರ ಕಡೆ ವಾಲಿ.

ನಮಗೆ ಹೊಂದುವ ಅಳತೆ

ಮೂರು ಗೋಡೆಯ ಆಲಿ ಕಟ್ಟುವ ಜಾಗ ಇಲ್ಲಿ ಯಾರಿಗೂ ಸಿಗುವುದಿಲ್ಲ. ಅದರ ಚಿಂತೆ ಬೇಡ. ಐರ್ಲೆಂಡಿನಿಂದ ವಲಸೆ ಹೋದವರಿಗೆ ನ್ಯೂಯಾರ್ಕಿನಲ್ಲೂ ಜಾಗದ ಪ್ರಶ್ನೆ ಇತ್ತು. ಫಿಲ್ ಕೇಸಿ ಅನ್ನುವ ಐರಿಷ್ ಆಟಗಾರ 1880ರ ದಶಕದಲ್ಲಿ ಬ್ರೂಕ್ಲಿನ್‌ನಲ್ಲಿ ತನ್ನದೇ ಕೋರ್ಟು ಕಟ್ಟಿದ. ಮುಂದೆ 20ನೇ ಶತಮಾನದ ಮೊದಲ ದಶಕಗಳಲ್ಲಿ ಕೋನಿ ಐಲೆಂಡ್ ಕಡಲ ತೀರದಲ್ಲಿ ಒಂದೇ ಗೋಡೆಯ ಆಟ ಬೆಳೆಯಿತು. ಈಗ ನ್ಯೂಯಾರ್ಕಿನ ಪಾರ್ಕುಗಳಲ್ಲಿ ಎಲ್ಲಿ ನೋಡಿದರೂ ಈ ಒಂಟಿ ಗೋಡೆಗಳು. ಊರು ಬಿಟ್ಟು ಬಂದವರು ಹೊಸ ನಗರದಲ್ಲಿ ತಮ್ಮ ಆಟವನ್ನು ಇದ್ದ ಜಾಗಕ್ಕೆ ಹೊಂದಿಸಿಕೊಂಡರು. ನಾವೂ ಊರು ಬಿಟ್ಟು ಬಂದವರೇ ಅಲ್ವಾ. ಐರ್ಲೆಂಡಿನವರು ಕೂಡ ಈಗ ಶಾಲೆಗಳಲ್ಲಿ ಮಕ್ಕಳಿಗೆ ಒಂದು ಗೋಡೆಯ ಆಟವನ್ನೇ ಕಲಿಸುತ್ತಿದ್ದಾರೆ, ಯಾಕೆಂದರೆ ಖರ್ಚು ಕಡಿಮೆ.

ಅದರ ಅಳತೆ ಇಷ್ಟು. ಗೋಡೆ 20 ಅಡಿ ಅಗಲ, 16 ಅಡಿ ಎತ್ತರ. ನೆಲ 20 ಅಡಿ ಅಗಲ, 34 ಅಡಿ ಉದ್ದ. ಗೋಡೆಯಿಂದ 16 ಅಡಿ ದೂರದಲ್ಲಿ ಒಂದು ಅಡ್ಡ ಗೆರೆ, ಅದಕ್ಕೆ ಶಾರ್ಟ್ ಲೈನ್ ಅನ್ನುತ್ತಾರೆ. ಗೋಡೆಯಿಂದ 25 ಅಡಿಯಲ್ಲಿ ಎರಡು ಬದಿಗೂ ಒಂದೊಂದು ಚಿಕ್ಕ ಗುರುತು. ಆಚೀಚೆ ಐದಾರು ಅಡಿ ಖಾಲಿ ಇರಲಿ, ಓಡಿ ಬಂದವರು ಕಾರಿಗೆ ಹೊಡೆದುಕೊಳ್ಳಬಾರದು. ಮಾಮೂಲಿ ಮೂರು ನಾಲ್ಕು ಕಾರು ಪಕ್ಕಪಕ್ಕ ನಿಲ್ಲುವಷ್ಟು ಅಗಲ ಅಂದುಕೊಳ್ಳಿ. ಗೋಡೆ 12 ಅಡಿಯೇ ಇದ್ದರೂ ಶುರು ಮಾಡಿ. ಹಳ್ಳಿಯವರು ಕೋಟೆಯ ಗೋಡೆಗೆ ಆಡುವಾಗ ಯಾರೂ ಟೇಪ್ ಹಿಡಿದಿರಲಿಲ್ಲ.

ಯಾವ ಗೋಡೆ ಬೇಡ

ಮೊದಲು ಬೇಡದ್ದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಇದು ಜೀವದ ಪ್ರಶ್ನೆ. ಕಾಂಪೌಂಡ್ ಗೋಡೆ ಬೇಡ. ಆಚೆ ಕಡೆ ಮಣ್ಣು ತುಂಬಿರುವ ಗೋಡೆ ಬೇಡವೇ ಬೇಡ. 2019ರ ಮಳೆಗಾಲದಲ್ಲಿ ಪುಣೆಯ ಕೋಂಢ್ವಾದಲ್ಲಿ, ಅದಾದ ಮೂರ್ನಾಲ್ಕು ದಿನಕ್ಕೆ ಮುಂಬೈನ ಮಲಾಡ್‌ನಲ್ಲಿ ಗೋಡೆ ಕುಸಿದು ಎಷ್ಟು ಜನ ಸತ್ತರು ಅಂತ ನಮಗೆಲ್ಲ ಗೊತ್ತು. ಹೊಟ್ಟೆ ಉಬ್ಬಿದ ಗೋಡೆ, ಅಡ್ಡ ಬಿರುಕು ಬಿಟ್ಟ ಗೋಡೆ, ನೀರು ಹೊರಗೆ ಬರುವ ತೂತುಗಳು ಮುಚ್ಚಿಹೋಗಿರುವ ಗೋಡೆ ಕಂಡರೆ ಆಟದ ಮಾತು ಬಿಡಿ, ಮಕ್ಕಳನ್ನು ಅದರ ಹತ್ತಿರ ನಿಲ್ಲಲಿಕ್ಕೂ ಬಿಡಬೇಡಿ, ಕಮಿಟಿಗೆ ಬರೆದು ಕೊಡಿ.

ಗ್ಯಾಸ್ ಪೈಪ್ ಹಾದುಹೋಗುವ ಗೋಡೆ, ಮೀಟರ್ ರೂಮಿನ ಗೋಡೆ, ಏಸಿಯ ಹೊರಗಿನ ಯೂನಿಟ್ ನೇತುಹಾಕಿರುವ ಗೋಡೆ, ಟ್ರಾನ್ಸ್‌ಫಾರ್ಮರ್ ಹತ್ತಿರದ್ದು, ಇವೂ ಬೇಡ. ಅಗ್ನಿಶಾಮಕ ಗಾಡಿ ಹೋಗುವ ದಾರಿಯಲ್ಲಿ ಗೆರೆ ಎಳೆಯಬೇಡಿ. ಹಾಗಾದರೆ ಉಳಿಯುವುದು ಯಾವುದು? ಕ್ಲಬ್‌ಹೌಸಿನ ಹಿಂದಿನ ಗೋಡೆ, ಪಂಪ್ ರೂಮಿನದು, ಪೋಡಿಯಂ ಪಾರ್ಕಿಂಗಿನ ಕಾಂಕ್ರೀಟ್ ಗೋಡೆ, ಹಳೆಯ ಕಟ್ಟಡವಾದರೆ ಕಿಟಕಿ ಇಲ್ಲದ ಪಕ್ಕದ ಗೋಡೆ. ಕಟ್ಟಡಕ್ಕೆ 15 ವರ್ಷ ದಾಟಿದ್ದರೆ ಸ್ಟ್ರಕ್ಚರಲ್ ಆಡಿಟ್ ಆಗಿರಬೇಕು. ಆ ರಿಪೋರ್ಟು ಕೇಳಿ ಓದಿ.

ಇರುವ ಗೋಡೆಗಳಲ್ಲಿ ಗೇಟಿನಿಂದ ಲಿಫ್ಟಿಗೆ ಹೋಗುವ ದಾರಿಯಲ್ಲಿ ಕಾಣುವ ಗೋಡೆಯನ್ನೇ ಆರಿಸಿ. ಮೂಲೆಯಲ್ಲಿ, ಕೊಳಚೆ ನೀರು ಶುದ್ಧಿ ಮಾಡುವ ಎಸ್‌ಟಿಪಿ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ ಎಷ್ಟೇ ಒಳ್ಳೆಯ ಗೋಡೆ ಇದ್ದರೂ ಎರಡನೇ ಆಯ್ಕೆ ಅದು. ಆಫೀಸಿನಿಂದ ಬ್ಯಾಗ್ ಹಾಕಿಕೊಂಡು ಬರುವವರು ಒಂದು ನಿಮಿಷ ನಿಂತು ನೋಡುವ ಹಾಗಿರಬೇಕು. ತರಕಾರಿ ತರುವವರು ಚೀಲ ಕೆಳಗಿಟ್ಟು ಮಾತಾಡುವ ಹಾಗಿರಬೇಕು.

ಗೋಡೆಯನ್ನು ಕೈಯಿಂದ ಓದುವುದು

ಒಂದು ರೂಪಾಯಿ ನಾಣ್ಯ ತೆಗೆದುಕೊಂಡು ಗೋಡೆಯನ್ನು ಅಂಗೈ ಅಗಲಕ್ಕೊಂದು ಸಲ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಸದ್ದು ಚುರುಕಾಗಿ ಬರುತ್ತದೆ. ಗಿಲಾವು ಒಳಗಿನ ಇಟ್ಟಿಗೆಯನ್ನು ಬಿಟ್ಟಿದ್ದರೆ ಸದ್ದು ಪೊಳ್ಳಾಗಿ, ಒಳಗೆ ಖಾಲಿ ಡಬ್ಬಿ ಇದ್ದ ಹಾಗೆ ಬರುತ್ತದೆ. ಪೊಳ್ಳು ಜಾಗಕ್ಕೆಲ್ಲ ಸುಣ್ಣದ ಕಡ್ಡಿಯಲ್ಲಿ ಸುತ್ತು ಹಾಕಿ. ನೆಲದಿಂದ ಆರೇಳು ಅಡಿಯೊಳಗೆ ಪೊಳ್ಳು ಇದ್ದರೆ ಅದು ಬೇಗ ಉದುರುತ್ತದೆ, ಏಕೆಂದರೆ ಚೆಂಡು ಜಾಸ್ತಿ ಬೀಳುವುದೇ ಅಲ್ಲಿ. ಗವಂಡಿಯನ್ನು ಕರೆಸಿ ಅಷ್ಟನ್ನು ಕೆತ್ತಿಸಿ, ಒಂದಕ್ಕೆ ನಾಲ್ಕರ ಸಿಮೆಂಟ್ ಮರಳಿನಲ್ಲಿ ಮತ್ತೆ ಗಿಲಾವು ಮಾಡಿಸಿ. ಏಳು ದಿನ ನೀರು ಹೊಡೆಯಲೇಬೇಕು. ಗವಂಡಿ ಎರಡು ದಿನ ಸಾಕು ಅಂದರೂ ಕೇಳಬೇಡಿ.

ಹೊರಗೋಡೆಗೆ ಸಾಮಾನ್ಯವಾಗಿ ಮರಳು ಮರಳಾಗಿ ಒರಟು ಗಿಲಾವು ಇರುತ್ತದೆ, ಹೊಸ ಕಟ್ಟಡಗಳಲ್ಲಿ ಟೆಕ್ಸ್ಚರ್ ಪೇಂಟ್. ಎರಡರಲ್ಲೂ ಚೆಂಡು ಎತ್ತ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ, ಕೈ ತಾಗಿದರೆ ಚರ್ಮ ತರಚುತ್ತದೆ. ಕೆಳಗಿನ ಎಂಟು ಅಡಿಯನ್ನಾದರೂ ನಯ ಮಾಡಿಸಿ. ಬಣ್ಣ ಹೊಳಪಿಲ್ಲದ್ದು, ಚೆಂಡಿನ ಬಣ್ಣಕ್ಕೆ ಎದ್ದು ಕಾಣುವಂಥದ್ದು.

ಇನ್ನೊಂದು ಪರೀಕ್ಷೆ ಇದೆ, ಇದನ್ನು ಬಿಡಲೇಬೇಡಿ. ಗೋಡೆಯ ಆಚೆ ಮನೆ ಇದ್ದರೆ ಆ ಮನೆಯವರನ್ನು ಕೇಳಿಕೊಂಡು ಅವರ ಬೆಡ್‌ರೂಮಿನಲ್ಲಿ ಬಾಗಿಲು ಹಾಕಿ ಕೂರಿ. ಹೊರಗೆ ಒಬ್ಬರು ಹತ್ತು ನಿಮಿಷ ಚೆಂಡು ಹೊಡೆಯಲಿ. ಧಪ್ ಧಪ್ ಅಂತ ತಲೆಗೆ ಬಡಿದರೆ ಆ ಗೋಡೆ ಬಿಟ್ಟುಬಿಡಿ. ಒಂದು ಮನೆಯ ನಿದ್ದೆ ಕೆಡಿಸಿ ಹತ್ತು ಮನೆಯವರನ್ನು ಸೇರಿಸುವುದರಲ್ಲಿ ಅರ್ಥವಿಲ್ಲ.

ನೆಲ

ಪೇವರ್ ಬ್ಲಾಕ್ ಮೇಲೆ ಆಟ ಆಗುವುದಿಲ್ಲ. ಚೆಂಡು ಸಂದಿಗೆ ಬಿದ್ದರೆ ಅಡ್ಡ ಹಾರುತ್ತದೆ. ಹಳೆಯ ಪುಣೆಯ ಅಂಗಳಗಳಲ್ಲಿ ಶಹಾಬಾದ್ ಫರ್ಶಿ ಇರುತ್ತದೆ, ನಮ್ಮ ಕಲಬುರಗಿ ಜಿಲ್ಲೆಯ ಕಲ್ಲು. ನೋಡುವುದಕ್ಕೆ ಖುಷಿ, ಕಾಲಿಗೆ ತಂಪು. ಆದರೆ ಸಂದಿಗಳನ್ನು ಸಿಮೆಂಟಿನಿಂದ ತುಂಬಿಸಿ ಸಮ ಮಾಡಿಸಬೇಕು, ಮತ್ತು ಒದ್ದೆಯಾದರೆ ಅದರ ಮೇಲೆ ಕಾಲಿಡಬಾರದು, ಸವೆದ ಫರ್ಶಿ ಬಹಳ ಜಾರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಪಾರ್ಕಿಂಗಿಗೆ ಹಾಕುವ ಟ್ರಿಮಿಕ್ಸ್ ಕಾಂಕ್ರೀಟ್, ಅಂದರೆ ಹಸಿ ಕಾಂಕ್ರೀಟಿನ ಹೆಚ್ಚಿನ ನೀರನ್ನು ಮೆಷಿನ್ನಿನಿಂದ ಹೀರಿ ಗಟ್ಟಿಯಾಗಿ ಸಮ ಮಾಡಿದ್ದು. ಹೊಸದಾಗಿ ಹಾಕಿಸುವುದಾದರೆ ಗೋಡೆಯಿಂದ ಹೊರಗಡೆಗೆ ಸ್ವಲ್ಪ ವಾಟ ಕೊಡಿಸಿ, ಎಂಟು ಹತ್ತು ಅಡಿಗೆ ಒಂದು ಇಂಚು ಸಾಕು. ನೀರು ಗೋಡೆಯ ಬುಡದಲ್ಲಿ ನಿಂತರೆ ಗಿಲಾವು ಕೆಳಗಿನಿಂದ ಹಾಳಾಗುತ್ತದೆ.

ಗೆರೆ ಎಳೆಯುವುದು

ಇದನ್ನು ಮಕ್ಕಳ ಜೊತೆ ಮಾಡಿ. ಭಾನುವಾರ ಬೆಳಿಗ್ಗೆ ಒಳ್ಳೆಯ ಹೊತ್ತು. ಬೇಕಾದದ್ದು ಟೇಪು, ಗವಂಡಿ ಬಳಸುವ ದಾರ, ಲೆವೆಲ್ ಪೈಪು, ಒಂದು ಡಬ್ಬಿ ಕೆಮ್ಮಣ್ಣಿನ ಪುಡಿ. ಗೋಡೆಯ ಬುಡದಲ್ಲಿ 20 ಅಡಿಯ ಎರಡು ತುದಿಗೆ ಗುರುತು ಹಾಕಿ. ಈಗ ಒಂದು ತುದಿಯಿಂದ ಗೋಡೆಯ ಉದ್ದಕ್ಕೆ 3 ಅಡಿ, ನೆಲದ ಮೇಲೆ ಹೊರಗೆ 4 ಅಡಿ ಅಳೆಯಿರಿ. ಆ ಎರಡು ಗುರುತಿನ ನಡುವೆ ಟೇಪು ಹಿಡಿದರೆ ಸರಿಯಾಗಿ 5 ಅಡಿ ಬರಬೇಕು. ಬಂದರೆ ಮೂಲೆ ನೇರವಾಗಿದೆ. ಬರದಿದ್ದರೆ ಹೊರಗಿನ ಗುರುತನ್ನು ಅತ್ತಿತ್ತ ಸರಿಸಿ. ಎಂಟನೇ ಕ್ಲಾಸಿನ ಹುಡುಗಿಗೆ ಇದನ್ನು ಮಾಡಲು ಕೊಡಿ, ಪೈಥಾಗೊರಸ್ ಪ್ರಮೇಯ ಪುಸ್ತಕದಲ್ಲಿ ಓದಿದ್ದು ಅವಳ ಕೈಗೆ ಬರುತ್ತದೆ.

ಮೂಲೆ ಸಿಕ್ಕ ಮೇಲೆ ದಾರವನ್ನು ಕೆಮ್ಮಣ್ಣಿನಲ್ಲಿ ಹೊರಳಿಸಿ. ಒಬ್ಬರು ಗೋಡೆಯ ಬುಡದಲ್ಲಿ, ಇನ್ನೊಬ್ಬರು 34 ಅಡಿಯ ಹತ್ತಿರ ಬಿಗಿಯಾಗಿ ಹಿಡಿಯಲಿ. ಮೂರನೆಯವರು ನಡುವೆ ದಾರವನ್ನು ಬೆರಳಿನಿಂದ ಎತ್ತಿ ಟಪ್ ಅಂತ ಬಿಟ್ಟರೆ ನೆಲದ ಮೇಲೆ ಕೆಂಪು ಗೆರೆ ಬೀಳುತ್ತದೆ. ಹೀಗೇ ಉಳಿದ ಗೆರೆಗಳು. ಗೋಡೆಯ ಮೇಲೆ 16 ಅಡಿಯ ಗೆರೆಗೆ ಏಣಿ ಬೇಕು, ಅದನ್ನು ಪೇಂಟರ್ ಮಾಡಲಿ, ನೀವು ಹತ್ತಬೇಡಿ. ಮೊದಲ ಒಂದೆರಡು ತಿಂಗಳು ಪೇಂಟ್ ಹೊಡೆಸಲೇಬೇಡಿ. ಕೆಮ್ಮಣ್ಣಿನ ಗೆರೆಯಲ್ಲೇ ಆಡಿ ನೋಡಿ. ಸರಿ ಇಲ್ಲ ಅನ್ನಿಸಿದರೆ ನೀರು ಹಾಕಿ ಉಜ್ಜಿದರೆ ಹೋಗುತ್ತದೆ, ಕಮಿಟಿಯವರಿಗೂ ಅದರಿಂದ ಧೈರ್ಯ ಬರುತ್ತದೆ.

ಕಟ್ಟೆ

ಗೋಡೆಗೆ ಎಷ್ಟು ತಲೆ ಕೆಡಿಸಿಕೊಂಡಿರೋ ಅದರ ಎರಡರಷ್ಟು ಇದಕ್ಕೆ ಕೆಡಿಸಿಕೊಳ್ಳಿ. ಐರ್ಲೆಂಡಿನ ಆಲಿಯಲ್ಲಿ ಪಕ್ಕದ ಗೋಡೆ ಹಿಂದೆ ತಗ್ಗುತ್ತಿತ್ತು ಅಂದೆನಲ್ಲ, ಹಿಂಬದಿ ತೆರೆದೂ ಇತ್ತಲ್ಲ, ಅದರಿಂದಲೇ ರಸ್ತೆಯಲ್ಲಿ ನಿಂತವರಿಗೂ ಆಟ ಕಾಣುತ್ತಿತ್ತು. ನೀವು ಕೂರುವ ಜಾಗವನ್ನು ಕೋರ್ಟಿನ ಹಿಂದೆ, 34 ಅಡಿಯ ಗೆರೆಯಿಂದ ಏಳೆಂಟು ಅಡಿ ದೂರದಲ್ಲಿ ಮಾಡಿ. ಎತ್ತರ 16ರಿಂದ 18 ಇಂಚು ಇರಲಿ, ಮೊಣಕಾಲು ನೋವಿರುವವರು ಎದ್ದು ಕೂರುವುದಕ್ಕೆ ಸುಲಭ. ಒಂದು ತುದಿಯಲ್ಲಿ ಬೆನ್ನು ಒರಗಿಸುವ ಬೆಂಚು. ಸಂಜೆಯ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ನೋಡಿ, ಕೂತವರ ಕಣ್ಣಿಗೆ ಹೊಡೆಯಬಾರದು. ಇರುವ ಮರದ ನೆರಳು ಸಿಕ್ಕರೆ ಕಟ್ಟೆಯನ್ನು ಅದರ ಕೆಳಗೇ ಮಾಡಿ, ಅದಕ್ಕಾಗಿ ಕೋರ್ಟನ್ನು ನಾಲ್ಕಡಿ ಸರಿಸಬೇಕಾದರೂ ಸರಿಸಿ.

ಕುಡಿಯುವ ನೀರು ಹತ್ತಿರ ಬೇಕು. ಒಂದು ದೀಪ ಬೇಕು, ಬೆಳಕು ಗೋಡೆಯ ಮೇಲೆ ಬೀಳಬೇಕು, ಎದುರು ಫ್ಲ್ಯಾಟಿನ ಹಾಲ್ ಒಳಗಲ್ಲ. ಚಪ್ಪಲಿ, ಬ್ಯಾಗು ಇಡುವುದಕ್ಕೆ ಒಂದು ಉದ್ದದ ಹಲಗೆ.

ಮೊದಲ ವಾರ ಆಡುವವರನ್ನು ಕರೆಯುವುದಕ್ಕಿಂತ ಕೂರುವವರನ್ನು ಕರೆಯಿರಿ. ನಮ್ಮ ಕಡೆಯ ಹಿರಿಯರು ಮೊದಲು “ಏನ್ರಿ ಇದು, ಗ್ವಾಡಿಗಿ ಚೆಂಡ್ ಹೊಡ್ಯೂದು?” ಅಂತ ಕೇಳಿಯೇ ಕೇಳುತ್ತಾರೆ. “ಕಾಕಾ, ನೀವು ಕೂಡ್ರಿ, ಪಾಯಿಂಟ್ ಎಣಸ್ರಿ” ಅಂತ ಹೇಳಿ ನೋಡಿ. ಎಣಿಸುವ ಕೆಲಸ ಸಿಕ್ಕವರು ಮರುದಿನ ಹೊತ್ತಿಗೆ ಸರಿಯಾಗಿ ಬಂದಿರುತ್ತಾರೆ. ಒಂದು ಸ್ಲೇಟು, ಬಳಪ ಅಲ್ಲೇ ಇಡಿ. ಮರಾಠಿ ಮನೆಯವರು, ಹಿಂದಿಯವರು, ವಾಚ್‌ಮನ್, ಮನೆಗೆಲಸಕ್ಕೆ ಬರುವ ಅಕ್ಕಂದಿರ ಮಕ್ಕಳು, ಎಲ್ಲರೂ ಆಡಲಿ. ಕನ್ನಡದವರ ಗೋಡೆ ಅಂತ ಬೋರ್ಡು ಹಾಕಬೇಡಿ. ಕನ್ನಡ ಅಲ್ಲಿ ಕಿವಿಗೆ ಬಿದ್ದರೆ ಸಾಕು.

ಆಡುವುದು

ಇಬ್ಬರು ಆಡಬಹುದು, ಇಬ್ಬಿಬ್ಬರ ಜೋಡಿಯಾಗಿ ನಾಲ್ವರು ಆಡಬಹುದು. ಸರ್ವ್ ಮಾಡುವವರು 16 ಮತ್ತು 25 ಅಡಿಯ ಗುರುತುಗಳ ನಡುವೆ ನಿಂತು, ಚೆಂಡನ್ನು ನೆಲಕ್ಕೆ ಒಂದು ಸಲ ಪುಟಿಸಿ, ಕೈಯಿಂದ ಗೋಡೆಗೆ ಹೊಡೆಯಬೇಕು. ಚೆಂಡು ವಾಪಸ್ ಬಂದು ಶಾರ್ಟ್ ಲೈನ್ ದಾಟಿ, ಅಂಗಳದ ಒಳಗೇ ಬೀಳಬೇಕು. ಎದುರಾಳಿ ಅದನ್ನು ಗಾಳಿಯಲ್ಲೇ ಹೊಡೆಯಬಹುದು, ಇಲ್ಲವೇ ಒಂದು ಪುಟ ಬಿದ್ದ ಮೇಲೆ. ಎರಡನೇ ಪುಟ ಬಿದ್ದರೆ ಹೋಯಿತು. ಹೊಡೆದ ಚೆಂಡು ನೆಲ ಮುಟ್ಟದೆ ನೇರ ಗೋಡೆಗೆ ಹೋಗಬೇಕು. ಹಿಡಿದು ಎಸೆಯುವ ಹಾಗಿಲ್ಲ, ಎರಡು ಕೈ ಸೇರಿಸಿ ಹೊಡೆಯುವ ಹಾಗಿಲ್ಲ. ಎಡಗೈ, ಬಲಗೈ ಯಾವುದಾದರೂ ಸರಿ, ಅಂಗೈಯಾದರೂ ಸರಿ, ಮುಷ್ಟಿಯಾದರೂ ಸರಿ. ಸರ್ವ್ ಮಾಡಿದವರು ಗೆದ್ದರೆ ಮಾತ್ರ ಪಾಯಿಂಟ್. ಎದುರಾಳಿ ಗೆದ್ದರೆ ಸರ್ವ್ ಅವರ ಕೈಗೆ ಹೋಗುತ್ತದೆ. 21ಕ್ಕೆ ಒಂದು ಗೇಮ್. ಒಬ್ಬರಿಗೊಬ್ಬರು ಅಡ್ಡ ಬಂದರೆ ವಾದ ಬೇಡ, ಆ ಪಾಯಿಂಟ್ ಮತ್ತೆ ಆಡಿ.

ಕಟ್ಟೆಯಲ್ಲಿ ಜನ ಜಾಸ್ತಿ ಇದ್ದರೆ ಗೇಮನ್ನು 11ಕ್ಕೆ ಇಳಿಸಿ. ಗೆದ್ದವರು ನಿಲ್ಲಲಿ, ಆದರೆ ಸತತ ಎರಡು ಗೇಮ್ ಗೆದ್ದ ಮೇಲೆ ಅವರೂ ಕೂರಲಿ. ಇಲ್ಲವಾದರೆ ಒಳ್ಳೆಯ ಆಟಗಾರರು ನಾಲ್ವರೇ ಇಡೀ ಸಂಜೆ ಆಡುತ್ತಾರೆ, ಉಳಿದವರು ಒಂದು ವಾರದಲ್ಲಿ ಬರುವುದು ಬಿಡುತ್ತಾರೆ.

ಚೆಂಡು ಗಲ್ಲಿ ಕ್ರಿಕೆಟ್ಟಿನ ಹಗುರ ಟೆನಿಸ್ ಬಾಲ್ ಆಗುತ್ತದೆ, ಕಲಿಯುವವರಿಗೆ ಅದೇ ಒಳ್ಳೆಯದು. ಕೈ ಪಳಗಿದ ಮೇಲೆ ಟೊಳ್ಳು ರಬ್ಬರ್ ಚೆಂಡು. ಹಳೆಯ ಐರಿಷ್ ಗಟ್ಟಿ ಚೆಂಡಿಗೆ ಒಳಗೆ ದಾರ ಸುತ್ತಿ ಮೇಲೆ ಚರ್ಮ ಹೊಲಿದಿರುತ್ತಿದ್ದರು, ಅದರಲ್ಲಿ ಆಡಿದವರ ಕೈ ಹೇಗಿರುತ್ತಿತ್ತೋ ಯೋಚಿಸಿ. ನಮಗೆ ಅದು ಬೇಡ, ಲೆದರ್ ಬಾಲ್ ಅಂತೂ ಹತ್ತಿರಕ್ಕೂ ತರಬೇಡಿ. ಶುರುವಿನಲ್ಲಿ ಅಂಗೈ ಕೆಂಪಾಗಿ ಊದುತ್ತದೆ. ಆಡುವ ಮೊದಲು ಕೈಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟರೆ, ಇಲ್ಲವೇ ಚೆನ್ನಾಗಿ ಉಜ್ಜಿ ಬಿಸಿ ಮಾಡಿಕೊಂಡರೆ ನೋವು ಬಹಳ ಕಡಿಮೆ. ತೆಳ್ಳನೆ ಗ್ಲೌಸ್ ಹಾಕಿಕೊಳ್ಳಬಹುದು. ಮೂರ್ನಾಲ್ಕು ಜನ ಆಡುವಾಗ ಮಕ್ಕಳ ಕಣ್ಣಿಗೆ ಆಟದ ಕನ್ನಡಕ ಹಾಕಿಸಿ, ರಬ್ಬರ್ ಚೆಂಡು ಕಣ್ಣಿನ ಗುಳಿಗೆ ಸರಿಯಾಗಿ ಕೂರುವ ಗಾತ್ರದ್ದು.

ಕಮಿಟಿ

ಗೋಡೆಗೆ ಚೆಂಡು ಹೊಡೆಯುವವರ ಮೇಲೆ ದೂರು ಹೊಸದೇನಲ್ಲ. ಐರ್ಲೆಂಡಿನ ಗಾಲ್ವೇ ಪಟ್ಟಣದ 1527ರ ಕಟ್ಟಳೆಯಲ್ಲೇ ಹ್ಯಾಂಡ್‌ಬಾಲಿಗೆ ನಿಷೇಧ ಇತ್ತು. ದೂರು ಬಂದೇ ಬರುತ್ತದೆ ಅಂತ ಮೊದಲೇ ತಯಾರಾಗಿ. ಸೆಕ್ರೆಟರಿಗೆ ಒಂದು ಪುಟದ ಅರ್ಜಿ ಕೊಡಿ: ಯಾವ ಗೋಡೆ, ಯಾವ ಹೊತ್ತು, ಖರ್ಚು ಯಾರದು, ಸರಿಹೋಗದಿದ್ದರೆ ಗೆರೆ ಅಳಿಸುತ್ತೇವೆ. ಎರಡು ತಿಂಗಳ ಟ್ರಯಲ್ ಕೇಳಿ. ಮಧ್ಯಾಹ್ನ 1ರಿಂದ 4ರ ತನಕ ಚೆಂಡಿನ ಸದ್ದು ಇರಬಾರದು, ಪುಣೆಯಲ್ಲಿ ಅದು ಮಲಗುವ ಹೊತ್ತು. ರಾತ್ರಿ 9ಕ್ಕೆ ದೀಪ ಆರಬೇಕು. ಬೋರ್ಡ್ ಪರೀಕ್ಷೆಯ ದಿನಗಳಲ್ಲಿ ಇನ್ನೂ ಬೇಗ ನಿಲ್ಲಿಸಿ. ಮಹಾರಾಷ್ಟ್ರದ ಸೊಸೈಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು, ಹಾಗಾಗಿ ಏಪ್ರಿಲ್ ಮೇನಲ್ಲಿ ಟ್ರಯಲ್ ಮುಗಿಸಿಕೊಂಡರೆ ಸಭೆಯ ಅಜೆಂಡಾದಲ್ಲಿ ಠರಾವು ಸೇರಿಸಲು ಸಮಯ ಸಿಗುತ್ತದೆ. ಸಭೆಯಲ್ಲಿ ಆಡುವ ಹುಡುಗರು ಮಾತಾಡುವುದಕ್ಕಿಂತ ಕಟ್ಟೆಯಲ್ಲಿ ಕೂರುವ ಅಜ್ಜಿಯೊಬ್ಬರು ಎದ್ದು ಎರಡು ಮಾತು ಹೇಳಿದರೆ ಕೆಲಸ ಬೇಗ ಆಗುತ್ತದೆ.

ದುಡ್ಡು ಸೊಸೈಟಿಯ ಮೇಂಟೆನೆನ್ಸ್‌ನಿಂದ ಕೇಳಬೇಡಿ. ಗಣಪತಿಗೆ ಪಟ್ಟಿ ಎತ್ತುವ ಹಾಗೆ ಎತ್ತಿ, ಲೆಕ್ಕವನ್ನು ಕಟ್ಟೆಯ ಹತ್ತಿರವೇ ಅಂಟಿಸಿ.

ಮಳೆ, ಮುಂಬೈ, ಗೋವಾ

ಒದ್ದೆ ಗೋಡೆಗೆ ಬಡಿದ ಚೆಂಡು ಪುಟಿಯದೆ ಜಾರಿಕೊಂಡು ಹೋಗುತ್ತದೆ. ಐರ್ಲೆಂಡಿನ ತೆರೆದ ಆಲಿಗಳಲ್ಲಿ ಮಳೆ ಬಂದರೆ ಆಟ ನಿಲ್ಲುತ್ತಿದ್ದದ್ದೂ ಇದಕ್ಕೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗಿನ ಗೋಡೆ ಬಿಡಿ. ಮುಂಬೈನವರು ಪೋಡಿಯಂ ಕೆಳಗಿನ ಗೋಡೆ ನೋಡಿಕೊಂಡರೆ ಮಳೆಗಾಲದಲ್ಲೂ ಆಡಬಹುದು, ಚಾವಣಿ ಹತ್ತು ಅಡಿ ಇದ್ದರೂ ಮಕ್ಕಳಿಗೆ ಸಾಕು. ಗೋವಾದಲ್ಲಿ ವಾಸ್ಕೋ ಕಡೆಯವರಿಗೆ ಜಂಬಿಟ್ಟಿಗೆಯ ಗೋಡೆಗಳು ಸಿಗುತ್ತವೆ. ಆ ಕಲ್ಲಿನಲ್ಲಿ ತೂತುಗಳು ಜಾಸ್ತಿ, ಗಿಲಾವು ಇಲ್ಲದೆ ಆಡಲಾಗುವುದಿಲ್ಲ. ಉಪ್ಪು ಗಾಳಿಗೆ ದೀಪದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಅದನ್ನೂ ವರ್ಷಕ್ಕೊಮ್ಮೆ ನೋಡಿ. ಮಳೆ ಮುಗಿದ ಮೇಲೆ ಪಾಚಿ ಉಜ್ಜಿಸಿ, ನಾಣ್ಯದ ಪರೀಕ್ಷೆ ಮತ್ತೊಮ್ಮೆ ಮಾಡಿ, ದಸರಾ ಹೊತ್ತಿಗೆ ಗೆರೆ ಹೊಸದಾಗಿ ಎಳೆಯಿರಿ.

ಆಟ ಜನಪ್ರಿಯವಾದ ಮೇಲೆ ಕಮಿಟಿಯಿಂದ ಒಂದು ಸಲಹೆ ಬರುತ್ತದೆ: ಸುತ್ತ ಜಾಲಿ ಹಾಕೋಣ, ಬೀಗ ಹಾಕೋಣ, ಆ್ಯಪಿನಲ್ಲಿ ಬುಕಿಂಗ್ ಇಡೋಣ, ಗಂಟೆಗೆ ಇಷ್ಟು ಅಂತ ಫೀಸು ಇಡೋಣ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಚೆಂಡು ಕಾರಿನ ಕಡೆ ಹೋಗುತ್ತಿದ್ದರೆ ಆ ಒಂದು ಬದಿಗೆ ನೆಟ್ ಹಾಕಿಸಲು ಒಪ್ಪಿಕೊಳ್ಳಿ. ಬೀಗಕ್ಕೆ, ಬುಕಿಂಗಿಗೆ, ಫೀಸಿಗೆ ಒಪ್ಪಬೇಡಿ. ಬುಕ್ ಮಾಡಿದವರು ಆಡಿ ಹೋಗುತ್ತಾರೆ, ಸುಮ್ನೆ ಬಂದು ಕೂರುವವರಿಗೆ ಬುಕ್ ಮಾಡಲು ಏನೂ ಇರುವುದಿಲ್ಲ. ಜಗಳ ಆಗುತ್ತದೆ ಅನ್ನುವುದು ಅವರ ಭಯವಾದರೆ ಗೋಡೆಯ ಪಕ್ಕ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬರೆಸಿ: “ಇದು ಎಲ್ಲರ ಗೋಡೆ. 1ರಿಂದ 4 ಆಟ ಬೇಡ. ಎರಡು ಗೇಮ್ ಆದ ಮೇಲೆ ಜಾಗ ಬಿಡಿ. ಚೆಂಡು ಇಲ್ಲದಿದ್ದರೆ ಕಟ್ಟೆಯಲ್ಲಿ ಕೇಳಿ.”